ಪೆಟ್ರೋಲ್ ಮುಳ್ಳು ತಪ್ಪು ತೋರಿಸುತ್ತಿದೆಯೇ? ಟಾಕಿ ಬಿಚ್ಚುವ ಮೊದಲು ಮಾಡಬೇಕಾದ ತಪಾಸಣೆ, ಹಂತ ಹಂತವಾಗಿ

ಹದಿನೈದು ಲೀಟರ್ ಹಾಕಿಸಿದರೂ ಮುಳ್ಳು ಕೆಳಗೇ ಮಲಗಿರುತ್ತದೆ. ಇಲ್ಲವೇ ಟಾಕಿ ಬರಿದಾಗಿ ಗಾಡಿ ನಿಂತ ಮೇಲೂ ಅರ್ಧ ಎನ್ನುತ್ತಿರುತ್ತದೆ. ಗ್ಯಾರೇಜಿಗೆ ಒಯ್ದರೆ ಸಿಗುವ ಉತ್ತರ ಬಹುತೇಕ ಒಂದೇ: “ಫ್ಲೋಟ್ ಹೋಗ್ಯಾದ್ರಿ, ಸೆಟ್ ಪೂರಾ ಬದಲಿ ಮಾಡ್ಬೇಕಾಗ್ತದ.” ಟಾಕಿ ಇಳಿಯುತ್ತದೆ, ಹೊಸ ಸೆಟ್ ಕೂಡುತ್ತದೆ, ಸಾವಿರಾರು ರೂಪಾಯಿ ಹೋಗುತ್ತದೆ, ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ದೋಷ ಟಾಕಿಯ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಯಾರೂ ನೋಡಿರುವುದಿಲ್ಲ. ಅದನ್ನು ತೋರಿಸಿಕೊಡುವ ಪರೀಕ್ಷೆ ಹತ್ತು ನಿಮಿಷದ್ದು, ಅದಕ್ಕೆ ಟಾಕಿ ಬಿಚ್ಚಬೇಕಿಲ್ಲ. ಈ ಮಾರ್ಗದರ್ಶಿಯ 3ನೇ ಹಂತ ಅದೇ. ಅದರ ಹಿಂದಿನ ಎರಡು ಹಂತಗಳನ್ನು ಬಿಟ್ಟು ಅಲ್ಲಿಗೆ ಜಿಗಿಯಬೇಡಿ.

## ಮುಳ್ಳು ಏಳುವುದು ಹೇಗೆ

ಟಾಕಿಯೊಳಗೆ ಒಂದು ಫ್ಲೋಟ್, ಅಂದರೆ ಪೆಟ್ರೋಲಿನ ಮೇಲೆ ತೇಲುವ ಬೆಂಡು, ಅದಕ್ಕೊಂದು ತೆಳ್ಳನೆಯ ತಂತಿಯ ತೋಳು. ಪೆಟ್ರೋಲ್ ಏರಿಳಿದಂತೆ ತೋಳು ಏರಿಳಿಯುತ್ತದೆ. ತೋಳಿನ ಬುಡದಲ್ಲಿರುವ ಪುಟ್ಟ ಲೋಹದ ನಾಲಿಗೆ ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಉಜ್ಜುತ್ತ ಸರಿಯುತ್ತದೆ. ಇದಿಷ್ಟಕ್ಕೂ ಸೇರಿ ಟ್ಯಾಂಕ್ ಯೂನಿಟ್ ಎಂದು ಹೆಸರು. ಪೆಟ್ರೋಲ್ ಇಂಜೆಕ್ಷನ್ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಇಂಜಿನಿಗೆ ಪೆಟ್ರೋಲ್ ತಳ್ಳುವ ಪಂಪಿನ ಜೊತೆಗೇ ಒಂದೇ ಸೆಟ್ಟಿನಲ್ಲಿ ಇರುತ್ತದೆ.

ನಾಲಿಗೆ ಸರಿದಂತೆ ರೆಸಿಸ್ಟೆನ್ಸ್ (ಕರೆಂಟಿಗೆ ಪಟ್ಟಿ ಒಡ್ಡುವ ಅಡ್ಡಿ) ಬದಲಾಗುತ್ತದೆ. ಹಳೆಯ ಗಾಡಿಯಲ್ಲಿ ಯೂನಿಟ್ಟಿನ ತಂತಿ ನೇರವಾಗಿ ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುತ್ತದೆ. ಹೊಸ ಗಾಡಿಯಲ್ಲಿ ಅದನ್ನು ಮೊದಲು ಕಂಪ್ಯೂಟರ್ ಓದುತ್ತದೆ, ಸರಾಸರಿ ತೆಗೆಯುತ್ತದೆ, ಆಮೇಲೆ ಮುಳ್ಳನ್ನು ಸರಿಸುತ್ತದೆ. ಈ ವ್ಯತ್ಯಾಸ ನೆನಪಿರಲಿ. ಹಳೆಯ ಗಾಡಿಗೆ ಮಾಡುವ ಪರೀಕ್ಷೆಯನ್ನು ಹೊಸದಕ್ಕೆ ಕಣ್ಣುಮುಚ್ಚಿ ಮಾಡುವಂತಿಲ್ಲ.

## ಬೇಕಾಗುವ ಸಾಮಾನು

- ಡಿಜಿಟಲ್ ಮಲ್ಟಿಮೀಟರ್. 200 ಮತ್ತು 2000 ಓಮ್, 20 ವೋಲ್ಟ್ ಡಿಸಿ ರೇಂಜ್ ಇದ್ದರೆ ಸಾಕು.
- 10 ಓಮ್, 5 ವ್ಯಾಟಿನ ಒಂದು ರೆಸಿಸ್ಟರ್, ಎರಡು ಕ್ಲಿಪ್ ವೈರ್. ಟಿವಿ ರಿಪೇರಿಯ ಸಾಮಾನು ಮಾರುವ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.
- ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಮೆತ್ತನೆಯ ಬ್ರಷ್, ಎಳೆ ಬಿಡದ ಬಟ್ಟೆ.
- ಟಾಕಿ ತೆರೆಯುವುದಾದರೆ ಮಾತ್ರ: ಹೊಸ ರಬ್ಬರ್ ರಿಂಗ್, ಗಟ್ಟಿ ಕಟ್ಟಿಗೆಯ ತುಂಡು, ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್.

12 ವೋಲ್ಟಿನ ಟೆಸ್ಟ್ ಲ್ಯಾಂಪ್ ಈ ಕೆಲಸಕ್ಕೆ ಬೇಡ. ಕಂಪ್ಯೂಟರಿಗೆ ಹೋಗುವ ತಂತಿಗೆ ಅದನ್ನು ತಾಗಿಸಿದರೆ ನೂರರ ದೋಷ ಸಾವಿರಕ್ಕೆ ಏರುತ್ತದೆ.

## ಹಂತ 1: ಮುಳ್ಳು ಏನು ಹೇಳುತ್ತಿದೆ ಎಂದು ಓದಿ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಒಂದು ಗಾಲಿ ಗಟಾರದ ಕಲ್ಲಿನ ಮೇಲೆ ಹತ್ತಿದ್ದರೂ ಅಗಲವಾದ, ತೆಳುವಾದ ಟಾಕಿಯಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಅಳತೆ ಕೆಡುತ್ತದೆ.

ಯಾವಾಗಲೂ ಒಂದೇ ತುದಿಯಲ್ಲಿದ್ದರೆ (ಪೂರ್ತಿ ಖಾಲಿ ಅಥವಾ ಪೂರ್ತಿ ತುಂಬಿ): ತಂತಿ ತುಂಡಾಗಿದೆ, ಗಾಡಿಯ ಬಾಡಿಗೆ ತಾಗಿದೆ, ಇಲ್ಲವೇ ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಜೋಡಣೆ) ಬಿಟ್ಟಿದೆ. ಪಟ್ಟಿ ಸುಟ್ಟಿರುವುದೂ ಉಂಟು, ಆದರೆ ಮೊದಲ ಅನುಮಾನ ತಂತಿಯ ಮೇಲಿರಲಿ.

ನಡುವೆ ಎಲ್ಲೋ ಅಂಟಿಕೊಂಡಿದ್ದರೆ: ತೋಳು ಸಿಕ್ಕಿಬಿದ್ದಿದೆ, ಇಲ್ಲವೇ ಮೀಟರಿನ ಮುಳ್ಳೇ ಹಿಡಿದಿದೆ.

ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಬಿದ್ದು ಏಳುತ್ತಿದ್ದರೆ, ಉದಾಹರಣೆಗೆ ಅರ್ಧದಿಂದ ಕಾಲಿನವರೆಗೆ ಕುಣಿದು ಆಮೇಲೆ ಸರಿಹೋಗುತ್ತಿದ್ದರೆ: ಪಟ್ಟಿ ಆ ಜಾಗದಲ್ಲಿ ಸವೆದಿದೆ. ಅರ್ಧದ ಆಸುಪಾಸಿನಲ್ಲೇ ಗಾಡಿ ಹೆಚ್ಚು ಓಡುವುದರಿಂದ ಸವೆತ ಅಲ್ಲೇ ಹೆಚ್ಚು.

ಇಂಜಿನ್ ನಿಂತಾಗ ಒಂದು, ಓಡುವಾಗ ಒಂದು ತೋರಿಸಿದರೆ: ಅರ್ಥ್ ಕೆಟ್ಟಿದೆ ಎಂದು ಹೆಚ್ಚುಕಡಿಮೆ ಖಾತ್ರಿಯಾಗಿ ಹೇಳಬಹುದು. ನೇರವಾಗಿ 4ನೇ ಹಂತಕ್ಕೆ ಹೋಗಿ.

ತಳಕ್ಕೆ ಬರುವಾಗ ಸರಿ, ತುಂಬಿಸಿದಾಗ ಮುಕ್ಕಾಲಿಗೇ ನಿಂತರೆ: ಫ್ಲೋಟಿನೊಳಗೆ ಪೆಟ್ರೋಲ್ ಇಳಿದು ಅದು ಭಾರವಾಗಿದೆ, ಇಲ್ಲವೇ ಹಿಂದೊಮ್ಮೆ ಬಿಚ್ಚಿದಾಗ ತೋಳು ಬಾಗಿದೆ.

ದೋಷವೇ ಅಲ್ಲದ್ದನ್ನು ದೋಷ ಅಂದುಕೊಳ್ಳುವುದೂ ಬಹಳ. 200 ರೂಪಾಯಿಯ ಪೆಟ್ರೋಲ್ ಎಂದರೆ ಈಗ ಎರಡು ಲೀಟರೂ ತುಂಬುವುದಿಲ್ಲ. 60 ಲೀಟರ್ ಟಾಕಿಯ ಬೊಲೆರೋದಲ್ಲಿ ಅಷ್ಟಕ್ಕೆ ಮುಳ್ಳು ಅಲುಗದಿದ್ದರೆ ಆಶ್ಚರ್ಯವಿಲ್ಲ (ಅದಕ್ಕೆ ಹಾಕುವುದು ಡೀಸೆಲ್ ಆದರೂ ಲೆಕ್ಕ ಅದೇ). ಹೊಸ ಗಾಡಿಗಳ ಕಂಪ್ಯೂಟರ್ ರಸ್ತೆಯ ಕುಲುಕಾಟಕ್ಕೆ ಮುಳ್ಳು ಕುಣಿಯದಿರಲೆಂದು ನಿಧಾನವಾಗಿ ಲೆಕ್ಕ ಹಾಕುತ್ತದೆ. ಇಗ್ನಿಶನ್ ಆನ್ ಇಟ್ಟುಕೊಂಡೇ ತುಂಬಿಸಿದರೆ ಮುಳ್ಳು ಏರಲು ಬಹಳ ಹೊತ್ತು ಹಿಡಿಯಬಹುದು. ಚಾವಿ ಪೂರ್ತಿ ಆಫ್ ಮಾಡಿ ತುಂಬಿಸಿ, ಮತ್ತೆ ಆನ್ ಮಾಡಿ ನೋಡಿ.

## ಹಂತ 2: ಡ್ಯಾಶ್‌ಬೋರ್ಡಿನ ಮುಂದೆ ಕೂತೇ ಮಾಡುವ ತಪಾಸಣೆ

ಚಾವಿ ಆನ್ ಮಾಡಿ ಉಳಿದ ಮುಳ್ಳುಗಳನ್ನು ನೋಡಿ. ಇಂಜಿನ್ ಬಿಸಿಯ ಮುಳ್ಳೂ ಕೆಟ್ಟಿದ್ದರೆ ದೋಷ ಟಾಕಿಯಲ್ಲಿ ಇರಲಾರದು. ಎರಡಕ್ಕೂ ಕರೆಂಟ್ ಕೊಡುವ ಫ್ಯೂಸ್, ಮೀಟರಿನ ಅರ್ಥ್, ಹಳೆಯ ಗಾಡಿಯಾದರೆ ಮೀಟರಿನ ಹಿಂದಿನ ವೋಲ್ಟೇಜ್ ರೆಗ್ಯುಲೇಟರ್ ನೋಡಿ.

ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡಬೇಡಿ. ಕೂದಲೆಳೆಯ ಬಿರುಕು ಕಾಣುವುದಿಲ್ಲ. ತೆಗೆದು ಮಲ್ಟಿಮೀಟರಿನಲ್ಲಿ ಅಳೆಯಿರಿ, 1 ಓಮ್‌ಗಿಂತ ಕಡಿಮೆ ಬರಬೇಕು.

ಪೆಟ್ರೋಲ್ ಕಡಿಮೆಯಾದಾಗ ಹತ್ತುವ ಹಳದಿ ದೀಪವೂ ಒಂದು ಸುಳಿವು. ಅನೇಕ ಹಳೆಯ ಗಾಡಿಗಳಲ್ಲಿ ಆ ದೀಪಕ್ಕೆ ಟಾಕಿಯ ತಳದಲ್ಲಿ ಬೇರೆಯೇ ಸೆನ್ಸರ್ ಇರುತ್ತದೆ. ದೀಪ ಸರಿಯಾಗಿ ಹತ್ತಿ, ಮುಳ್ಳು ಮಾತ್ರ ಸತ್ತಿದ್ದರೆ ಅರ್ಥ್ ಚೆನ್ನಾಗಿದೆ ಎಂದೇ ಲೆಕ್ಕ. ಹೊಸ ಗಾಡಿಗಳಲ್ಲಿ ದೀಪ, ಮುಳ್ಳು ಎರಡಕ್ಕೂ ಒಂದೇ ಮೂಲ, ಆದ್ದರಿಂದ ಈ ಸುಳಿವು ಅಲ್ಲಿ ನಡೆಯದು.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ಸಿಕ್ಕರೆ ಹಾಕಿ. ಪಿ0462 ಎಂದರೆ ಕಂಪ್ಯೂಟರಿಗೆ ಕಾಣುವ ವೋಲ್ಟೇಜ್ ತೀರ ಕಡಿಮೆ: ತಂತಿ ಎಲ್ಲೋ ಬಾಡಿಗೆ ತಾಗಿದೆ. ಪಿ0463 ಎಂದರೆ ತೀರ ಹೆಚ್ಚು: ತಂತಿ ಅಥವಾ ಅರ್ಥ್ ತುಂಡಾಗಿದೆ. ಪಿ0461 ಬಂದರೆ ಸಿಗ್ನಲ್ ಬರುತ್ತಿದೆ, ಆದರೆ ಗಾಡಿ ಓಡಿದ್ದಕ್ಕೆ ತಕ್ಕಂತೆ ಬದಲಾಗುತ್ತಿಲ್ಲ ಎಂದರ್ಥ; ಫ್ಲೋಟ್ ಸಿಕ್ಕಿಬಿದ್ದಾಗ ಹೀಗಾಗುತ್ತದೆ. ಸ್ಕ್ಯಾನರಿನಲ್ಲಿ ಪೆಟ್ರೋಲ್ ಮಟ್ಟ ಶೇಕಡಾವಾರು ಸರಿಯಾಗಿ ಕಂಡು ಮುಳ್ಳು ಮಾತ್ರ ತಪ್ಪಿದ್ದರೆ ದೋಷ ಮೀಟರಿನ ಕಡೆಯದು. ಹಿಂದಿನ ಸೀಟಿಗೆ ಕೈ ಹಾಕುವ ಅಗತ್ಯವೇ ಬೀಳುವುದಿಲ್ಲ.

## ಹಂತ 3: ಕನೆಕ್ಟರ್ ಪರೀಕ್ಷೆ

ಟ್ಯಾಂಕ್ ಯೂನಿಟ್ಟಿನ ತಂತಿಗಳ ಕನೆಕ್ಟರ್ ಎಲ್ಲಿದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಹಿಂದಿನ ಸೀಟು ಎತ್ತಿದರೆ ಒಂದು ತಗಡಿನ ಮುಚ್ಚಳ, ಅದರ ಕೆಳಗೇ ಇರುತ್ತದೆ. ಅಂಥ ಮುಚ್ಚಳ ಇಲ್ಲದ ಗಾಡಿಗಳಲ್ಲಿ ಟಾಕಿಯಿಂದ ಬರುವ ವೈರಿಂಗ್ ಬಾಡಿಯೊಳಗೆ ಹೊಗುವಲ್ಲಿ, ಡಿಕ್ಕಿಯಲ್ಲೋ ಸೀಟಿನ ಕೆಳಗೋ, ಇನ್ನೊಂದು ಜೋಡು ಸಾಮಾನ್ಯವಾಗಿ ಸಿಗುತ್ತದೆ. ಅದರಲ್ಲೂ ಈ ಪರೀಕ್ಷೆ ನಡೆಯುತ್ತದೆ.

ಮುಚ್ಚಳ ಎತ್ತುವ ಮೊದಲು ಸುತ್ತಲಿನ ದೂಳು ತೆಗೆಯಿರಿ. ಕಲಬುರಗಿ, ಯಾದಗಿರಿ ಕಡೆಯ ಎರೆಮಣ್ಣಿನ ದೂಳು ಹಿಟ್ಟಿನಷ್ಟು ನುಣುಪು. ಕನೆಕ್ಟರಿನ ಪಿನ್ನಿನ ಸಂದಿಯಲ್ಲಿ ಕೂತು ತೇವ ಹಿಡಿದರೆ ಕಿಲುಬು ಕಟ್ಟುತ್ತದೆ. ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಎರಡು ಮೂರು ಸಲ ಹಾಕಿ ತೆಗೆದು ಮಾಡಿ, ಮತ್ತೆ ಮುಳ್ಳು ನೋಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಈಗ ಪರೀಕ್ಷೆ.

1. ಚಾವಿ ಆಫ್. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಡಿ. ಕನೆಕ್ಟರ್ ಬಿಚ್ಚಿ.
2. ಸಿಗ್ನಲ್ ತಂತಿ (ಫ್ಲೋಟಿನ ಅಳತೆಯನ್ನು ಮೀಟರಿಗೆ ಅಥವಾ ಕಂಪ್ಯೂಟರಿಗೆ ಒಯ್ಯುವುದು) ಯಾವುದೆಂದು ಗುರುತಿಸಿ. ಎರಡು ದಪ್ಪ ತಂತಿಗಳು ಪಂಪಿನವು, ತೆಳ್ಳಗಿನವು ಮೀಟರಿನವು. ಗಾಡಿಯ ವೈರಿಂಗ್ ಚಿತ್ರ ಸಿಕ್ಕರೆ ಅದನ್ನೇ ನಂಬಿ, ಬಣ್ಣ ನೋಡಿ ಊಹಿಸಬೇಡಿ.
3. ಚಾವಿ ಆನ್ ಮಾಡಿ. ಬಾಡಿಯ ಕಡೆಯ ಸಿಗ್ನಲ್ ಪಿನ್ನಿನಲ್ಲಿ ವೋಲ್ಟೇಜ್ ಅಳೆಯಿರಿ. ಕಂಪ್ಯೂಟರ್ ಗಾಡಿಯಲ್ಲಿ ಸಾಮಾನ್ಯವಾಗಿ 5 ವೋಲ್ಟ್ ಹತ್ತಿರ, ನೇರ ಮೀಟರಿನ ಹಳೆಯ ಗಾಡಿಯಲ್ಲಿ ಬ್ಯಾಟರಿಯ ವೋಲ್ಟೇಜಿನವರೆಗೂ ಬರಬಹುದು. ಏನೂ ಬರದಿದ್ದರೆ ತಂತಿ ತುಂಡಾಗಿದೆ ಅಥವಾ ಮೀಟರಿನಿಂದ ಕರೆಂಟ್ ಹೊರಡುತ್ತಿಲ್ಲ.
4. ಕನೆಕ್ಟರ್ ಬಿಚ್ಚಿದ ಸ್ಥಿತಿಯಲ್ಲಿ ಮುಳ್ಳು ಎಲ್ಲಿ ನಿಂತಿದೆ ಎಂದು ಬರೆದುಕೊಳ್ಳಿ. ಒಂದೆರಡು ನಿಮಿಷ ಕಾಯಿರಿ.
5. ಚಾವಿ ಆಫ್ ಮಾಡಿ, ಸಿಗ್ನಲ್ ಪಿನ್ನಿನಿಂದ 10 ಓಮ್ ರೆಸಿಸ್ಟರ್ ಮೂಲಕ ಅರ್ಥಿಗೆ ಕ್ಲಿಪ್ ಹಾಕಿ. ಚಾವಿ ಆನ್ ಮಾಡಿ ಮತ್ತೆ ಕಾಯಿರಿ.

ಎರಡು ಸ್ಥಿತಿಯಲ್ಲಿ ಮುಳ್ಳು ಎರಡು ತುದಿಗೆ ಹೋದರೆ ಮೀಟರೂ ಸರಿ, ಸಿಗ್ನಲ್ ತಂತಿಯೂ ಸರಿ. ದೋಷ ಟ್ಯಾಂಕ್ ಯೂನಿಟ್ಟಿನಲ್ಲಿ ಅಥವಾ ಅದರ ಅರ್ಥಿನಲ್ಲಿ. ಮುಳ್ಳು ಅಲುಗದೇ ಹೋದರೆ ಟಾಕಿಗೆ ಸಂಬಂಧವೇ ಇಲ್ಲ. 5 ಮತ್ತು 6ನೇ ಹಂತ ನೋಡಿ.

ಯಾವ ತುದಿಗೆ ಯಾವಾಗ ಹೋಗಬೇಕು ಎಂಬುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಕಂಪನಿಗಳಲ್ಲಿ ರೆಸಿಸ್ಟೆನ್ಸ್ ಕಡಿಮೆಯಾದರೆ ಟಾಕಿ ತುಂಬಿದಂತೆ, ಕೆಲವರಲ್ಲಿ ತಿರುಗಾಮುರುಗಾ. ನೋಡಬೇಕಾದದ್ದು ಮುಳ್ಳು ಸರಿಯಿತೋ ಇಲ್ಲವೋ ಎಂಬುದಷ್ಟೇ.

ಇಲ್ಲಿ ಆಗುವ ಕೆಟ್ಟ ತಪ್ಪು, ಪಂಪಿನ ಪಾಸಿಟಿವ್ ತಂತಿಯನ್ನೇ ಸಿಗ್ನಲ್ ಎಂದು ತಿಳಿದು ಅರ್ಥಿಗೆ ತಾಗಿಸುವುದು. ಪಂಪಿನ ಫ್ಯೂಸ್ ತೆಗೆದಿಡಿ ಎಂದದ್ದು ಅದಕ್ಕೇ. ಇನ್ನೊಂದು ತಪ್ಪು ಅವಸರ: ಹತ್ತು ಸೆಕೆಂಡ್ ನೋಡಿ ‘ಮುಳ್ಳು ಏಳಲಿಲ್ಲ’ ಎಂದು ಮೀಟರ್ ಬಿಚ್ಚುವುದು. ಕೆಲವು ಗಾಡಿಗಳಲ್ಲಿ ಚಾವಿ ಆಫ್ ಮಾಡಿ ಆನ್ ಮಾಡಿದಾಗ ಮಾತ್ರ ಮುಳ್ಳು ಹೊಸ ಅಳತೆಗೆ ಜಿಗಿಯುತ್ತದೆ.

## ಹಂತ 4: ಅರ್ಥ್

ಎಲ್ಲರೂ ಬಿಟ್ಟುಬಿಡುವ ಹಂತ ಇದು, ಹೊಸ ಸೆಟ್ ಹಾಕಿದ ಮೇಲೂ ಮುಳ್ಳು ಸರಿಯಾಗದೆ ಇರುವುದಕ್ಕೆ ದೊಡ್ಡ ಕಾರಣವೂ ಇದೇ.

ಬಹಳ ಗಾಡಿಗಳಲ್ಲಿ ಪಂಪಿಗೂ ಫ್ಲೋಟಿಗೂ ಒಂದೇ ಅರ್ಥ್. ಪಂಪ್ ಓಡುವಾಗ ಸುಮಾರು 5 ಆಂಪಿಯರ್ ಎಳೆಯುತ್ತದೆ ಎನ್ನಿ. ಅರ್ಥ್ ಬೋಲ್ಟಿನ ಕೆಳಗೆ ತುಕ್ಕು ಕೂತು ಬರೀ 0.2 ಓಮ್ ಅಡ್ಡಿಯಾದರೂ ಅಲ್ಲಿ 1 ವೋಲ್ಟ್ ಉಳಿದುಬಿಡುತ್ತದೆ. 5 ವೋಲ್ಟಿನ ಲೆಕ್ಕದಲ್ಲಿ ಅಳೆಯುವ ಕಂಪ್ಯೂಟರಿಗೆ ಅದು ದೊಡ್ಡ ಸುಳ್ಳು. ನಿಂತಾಗ ಅರ್ಧ, ಓಡುವಾಗ ಕಾಲು ತೋರಿಸುವುದು ಇದರಿಂದಲೇ.

ಕನೆಕ್ಟರ್ ಮತ್ತೆ ಹಾಕಿ, ಪಂಪಿನ ಫ್ಯೂಸ್ ಕೂಡಿಸಿ, ಇಂಜಿನ್ ಚಾಲೂ ಮಾಡಿ. ಮಲ್ಟಿಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ (ಉದ್ದನೆಯ ವೈರ್ ಬೇಕಾಗುತ್ತದೆ), ಕೆಂಪು ಕಡ್ಡಿ ಕನೆಕ್ಟರಿನ ಹಿಂಬದಿಯಿಂದ ಅರ್ಥ್ ಪಿನ್ನಿಗೆ. 0.1 ವೋಲ್ಟ್ ಒಳಗಿದ್ದರೆ ಚೆನ್ನ. 0.3 ದಾಟಿದರೆ ಅರ್ಥ್ ಬೋಲ್ಟ್ ಹುಡುಕಿ ಬಿಚ್ಚಿ, ತುಕ್ಕು, ಬಣ್ಣ ಎಲ್ಲ ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿಗಿಯಿರಿ. ಓಮ್ ರೇಂಜಿನಲ್ಲಿ ಅಳೆದು ‘ಅರ್ಥ್ ಬರ್ತಾ ಇದೆ’ ಎನ್ನುವುದು ಸಾಲದು. ಒಂದೇ ಎಳೆ ಉಳಿದ ತಂತಿಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಲೋಡ್ ಬಿದ್ದಾಗ ಸೋಲುತ್ತದೆ.

ಹಿಂಬದಿಗೆ ಡೆಂಟಿಂಗ್, ಪೇಂಟಿಂಗ್ ಆದ ಗಾಡಿಯಾದರೆ ಇನ್ನೂ ಎಚ್ಚರ. ಬೋಲ್ಟಿನ ಕೆಳಗೆ ಬಣ್ಣ ಹರಿದಿದ್ದರೆ ನೋಡಲು ಬಿಗಿಯಾಗಿರುತ್ತದೆ, ಕರೆಂಟ್ ಮಾತ್ರ ಹೋಗದು.

## ಹಂತ 5: ತಂತಿಯ ಜಾಡು

ಮೀಟರಿನ ಹಿಂದಿನ ಕನೆಕ್ಟರ್, ಟಾಕಿಯ ಕನೆಕ್ಟರ್ ಎರಡನ್ನೂ ಬಿಚ್ಚಿ, ಬ್ಯಾಟರಿಯ ನೆಗೆಟಿವ್ ತೆಗೆದು, ಸಿಗ್ನಲ್ ತಂತಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯಿರಿ. ಕಂಪ್ಯೂಟರ್ ನಡುವೆ ಇದ್ದರೆ ಟಾಕಿಯಿಂದ ಕಂಪ್ಯೂಟರಿನವರೆಗೆ. 1 ಓಮ್ ಒಳಗೆ ಬರಬೇಕು. ಆಮೇಲೆ ಅದೇ ತಂತಿಗೂ ಬಾಡಿಗೂ ನಡುವೆ ಅಳೆಯಿರಿ. ಅಲ್ಲಿ ಏನೂ ಬರಬಾರದು.

ತುಂಡಾಗುವ ಜಾಗಗಳು ಬಹುಪಾಲು ಗೊತ್ತಿರುವವೇ. ಬಾಗಿಲಿನ ಹೊಸ್ತಿಲ ಕೆಳಗೆ ಕಾರ್ಪೆಟ್ ಒದ್ದೆಯಾಗುವಲ್ಲಿ, ಹಿಂದಿನ ಸೀಟಿನ ಕ್ಲ್ಯಾಂಪಿಗೆ ಸಿಕ್ಕುವಲ್ಲಿ, ಹೊರಗಿನಿಂದ ಸ್ಪೀಕರ್, ಸೀಟ್ ಕವರ್ ಕೂಡಿಸಿದಲ್ಲಿ. ಆಮೇಲೆ ಇಲಿ. ತೊಗರಿ ರಾಶಿಯಾಗಿ ಚೀಲಗಳು ಮನೆ ಸೇರುವ ದಿನಗಳಲ್ಲಿ ಪಕ್ಕದಲ್ಲೇ ನಿಂತ ಗಾಡಿಯ ಸೀಟಿನ ಕೆಳಗೆ ಇಲಿ ಗೂಡು ಮಾಡುತ್ತದೆ. ತೊಗರಿ ಹೊಟ್ಟು, ಹರಿದ ಸ್ಪಂಜು, ಹಿಕ್ಕೆ ಕಂಡರೆ ಇಡೀ ವೈರಿಂಗಿನ ಟೇಪ್ ಬಿಚ್ಚಿ ನೋಡಿ. ಇಲಿ ಒಂದೇ ತಂತಿ ಕಡಿದು ಸುಮ್ಮನಾಗುವುದಿಲ್ಲ.

ಕಡಿದ ತಂತಿಯನ್ನು ಬರೀ ಹೊಸೆದು ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ಬೆಸುಗೆಯ ಕೆಲಸ ಟಾಕಿಯ ಬಾಯಿಯಿಂದ ದೂರ, ಟಾಕಿ ಮುಚ್ಚಿರುವಾಗ ಮಾತ್ರ.

## ಹಂತ 6: ಮೀಟರ್

ಮೀಟರಿನ ಹಿಂದೆಯೇ 3ನೇ ಹಂತದ ರೆಸಿಸ್ಟರ್ ಪರೀಕ್ಷೆ ಮಾಡಿದಾಗಲೂ ಮುಳ್ಳು ಸತ್ತೇ ಇದ್ದರೆ ದೋಷ ಮೀಟರಿನದು. ಹೊಸ ಮೀಟರುಗಳಲ್ಲಿ ಮುಳ್ಳನ್ನು ತಿರುಗಿಸುವುದು ಪುಟ್ಟ ಸ್ಟೆಪ್ಪರ್ ಮೋಟರ್. ಅದರ ಬೆಸುಗೆ ಬಿಟ್ಟರೆ ಬೆಳಿಗ್ಗೆ ಸರಿ, ಬಿಸಿಲೇರಿದ ಮೇಲೆ ಕೆಟ್ಟಂತೆ ಆಡುತ್ತದೆ. ಮೀಟರ್ ರಿಪೇರಿಯನ್ನೇ ಮಾಡುವವರ ಹತ್ತಿರ ಕೊಡಿ. ಮುಳ್ಳನ್ನು ಕೈಯಿಂದ ಕಿತ್ತು ಬೇರೆ ಜಾಗಕ್ಕೆ ಒತ್ತಿ ‘ಸೆಟ್ ಮಾಡುವುದು’ ಬೇಡ.

## ಹಂತ 7: ಟಾಕಿ ತೆರೆಯುವ ಮುನ್ನ

ದೋಷ ಟ್ಯಾಂಕ್ ಯೂನಿಟ್ಟಿನದೇ ಎಂದು ಖಾತ್ರಿಯಾದ ಮೇಲಷ್ಟೇ ಇಲ್ಲಿಗೆ ಬನ್ನಿ. ಖಾತ್ರಿಗೆ ಇನ್ನೊಂದು ಅಳತೆ: ಚಾವಿ ಆಫ್, ಕನೆಕ್ಟರ್ ಬಿಚ್ಚಿ, ಟಾಕಿಯ ಕಡೆಯ ಎರಡು ತೆಳು ಪಿನ್ನುಗಳ ನಡುವೆ ಓಮ್ ಅಳೆಯಿರಿ. ಏನೂ ಬಾರದಿದ್ದರೆ ಪಟ್ಟಿ ತುಂಡಾಗಿದೆ. ಅಳತೆ ಬಂದರೆ ಗಾಡಿಯನ್ನು ಮೆಲ್ಲಗೆ ಅಲುಗಾಡಿಸಿ; ಅಂಕಿ ಸ್ವಲ್ಪ ಏರಿಳಿಯಬೇಕು. ಕಲ್ಲಿನಂತೆ ನಿಂತರೆ ತೋಳು ಹಿಡಿದಿದೆ. ಖಾಲಿಗೆ ಎಷ್ಟು, ತುಂಬಿದಾಗ ಎಷ್ಟು ಎಂಬ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ್ದೇ ಆಗಿರಬೇಕು, ಬೇರೆ ಮಾಡೆಲಿನದು ನಡೆಯುವುದಿಲ್ಲ.

ಟಾಕಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರುವಾಗ ಈ ಕೆಲಸ ಹಿಡಿಯಿರಿ. ಏಪ್ರಿಲ್, ಮೇ ತಿಂಗಳ ಬಿಸಿಲು ಕಲಬುರಗಿ ಕಡೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಟಾಕಿಯ ಮುಚ್ಚಳ ತೆಗೆದರೆ ಆವಿ ಬುಸ್ ಎಂದು ನುಗ್ಗುತ್ತದೆ. ಬೆಳಿಗ್ಗೆ 6ರಿಂದ 8ರ ಒಳಗೆ, ಬಯಲಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ಫರಸಿಯ ಮೇಲೆ ಹರಿದು ದೂರದ ಒಲೆ, ಕೂಲರ್ ಮೋಟರ್, ಸ್ವಿಚ್ಚಿನವರೆಗೂ ತಲುಪುತ್ತದೆ. ಸೆಕೆಯೆಂದು ಕೂಲರನ್ನು ಗಾಡಿಯತ್ತ ತಿರುಗಿಸಿ ಕೆಲಸ ಮಾಡುವುದು ಅಪಾಯ.

ಇಂಜೆಕ್ಷನ್ ಗಾಡಿಯಲ್ಲಿ ಪೈಪಿನೊಳಗೆ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ಪಂಪಿನ ಫ್ಯೂಸ್ ತೆಗೆದು ಇಂಜಿನ್ ಚಾಲೂ ಮಾಡಿ, ತಾನಾಗಿ ಆರುವವರೆಗೆ ಬಿಡಿ. ಮತ್ತೆರಡು ಸಲ ಸೆಲ್ಫ್ ಹೊಡೆಯಿರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪೆಟ್ರೋಲ್ ಮುಚ್ಚಳ ಸಡಿಲಿಸಿ.

ಟಾಕಿಯನ್ನೇ ಕೆಳಗಿಳಿಸಬೇಕಾದ ಗಾಡಿಯಾದರೆ ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯಿರಿ, ಒಂದು ಜಾಕಿನ ಆಧಾರದ ಮೇಲೆ ಕೆಳಗೆ ನುಸುಳಬೇಡಿ. ಇಷ್ಟು ಹಂತಗಳ ಅಳತೆ ಬರೆದ ಚೀಟಿ ಕೈಯಲ್ಲಿದ್ದರೆ ಮಿಸ್ತ್ರಿಗೂ ಕೆಲಸ ಸಲೀಸು, ಬೇಡದ ಸಾಮಾನು ಬದಲಾಗುವುದೂ ತಪ್ಪುತ್ತದೆ.

## ಹಂತ 8: ಯೂನಿಟ್ ಹೊರತೆಗೆದು ನೋಡುವುದು

ಟಾಕಿಯ ಮೇಲ್ಭಾಗವನ್ನು ಬ್ರಷ್, ಒದ್ದೆ ಬಟ್ಟೆಯಿಂದ ಪೂರ್ತಿ ಸ್ವಚ್ಛ ಮಾಡಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಪಂಪಿನ ಜಾಲರಿಗೆ ಹೋಗಿ ಕೂಡುತ್ತದೆ. ಕನೆಕ್ಟರ್, ಪೈಪು ಬಿಚ್ಚಿ. ಯೂನಿಟ್, ಅದನ್ನು ಹಿಡಿದಿಡುವ ಲಾಕ್ ರಿಂಗ್, ಟಾಕಿ ಮೂರಕ್ಕೂ ಅಡ್ಡವಾಗಿ ಮಾರ್ಕರಿನಿಂದ ಗೆರೆ ಎಳೆಯಿರಿ. ರಿಂಗನ್ನು ಕಟ್ಟಿಗೆಯ ತುಂಡಿನಿಂದ ಮೆಲ್ಲಗೆ ತಟ್ಟಿ ತಿರುಗಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದರೆ ಕಿಡಿ ಹಾರಬಹುದು, ಪ್ಲಾಸ್ಟಿಕ್ ರಿಂಗಾದರೆ ಸೀಳುತ್ತದೆ.

ಯೂನಿಟ್ಟನ್ನು ನೇರ ಮೇಲಕ್ಕೆ ಜಗ್ಗಬೇಡಿ. ಸ್ವಲ್ಪ ಎತ್ತಿ, ಓರೆ ಮಾಡಿ, ತೋಳು ಯಾವ ಬದಿಗಿದೆ ನೋಡಿಕೊಂಡು ಟಾಕಿಯ ಬಾಯಿಯಿಂದ ಮೊದಲು ಫ್ಲೋಟನ್ನು ಬಿಡಿಸಿಕೊಳ್ಳಿ. ತೋಳು ಸ್ವಲ್ಪ ಬಾಗಿದರೂ ಅಳತೆ ಲೀಟರುಗಟ್ಟಲೆ ತಪ್ಪುತ್ತದೆ.

ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಗುಳುಗುಳು ಸದ್ದು ಬಂದರೆ ಒಳಗೆ ಪೆಟ್ರೋಲ್ ಸೇರಿದೆ, ಬದಲಾಯಿಸಿ. ತೂತು ಮುಚ್ಚಲು ಅಂಟು, ಬೆಸುಗೆ ಯಾವುದೂ ಬೇಡ. ಪೆಟ್ರೋಲ್ ತುಂಬಿದ ಹಿತ್ತಾಳೆ ಫ್ಲೋಟಿಗೆ ಬಿಸಿ ತಾಗಿದರೆ ಸಿಡಿಯುತ್ತದೆ.

ಮಲ್ಟಿಮೀಟರ್ ಜೋಡಿಸಿ, ತೋಳನ್ನು ಕೆಳಗಿನಿಂದ ಮೇಲಕ್ಕೆ ಬಹಳ ನಿಧಾನವಾಗಿ ಎತ್ತಿ. ಅಂಕಿ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ಒಮ್ಮೆ ಮಾಯವಾಗಿ ಮತ್ತೆ ಬಂದರೆ ಅಲ್ಲಿ ಪಟ್ಟಿ ಸವೆದಿದೆ. ಪಟ್ಟಿಯ ಮೇಲೆ ಕಪ್ಪು ಪದರ ಕಂಡರೆ ಅದು ಬೇರೆ ಮಾತು. ಬೆಳ್ಳಿ ಲೇಪದ ಕಾಂಟ್ಯಾಕ್ಟುಗಳು ಪೆಟ್ರೋಲಿನ ಗಂಧಕಕ್ಕೆ ಕಪ್ಪಾಗುತ್ತವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಇಂಧನದಲ್ಲಿ ಗಂಧಕದ ಮಿತಿ 50ರಿಂದ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಭಾಗಕ್ಕೆ) ಇಳಿಯಿತು, ಆದರೆ ಅದಕ್ಕೂ ಹಿಂದಿನ ಗಾಡಿಗಳಲ್ಲಿ ಕೂತ ಕಪ್ಪು ಹಾಗೇ ಇರುತ್ತದೆ. ಈಗಿನ ಇ20 ಪೆಟ್ರೋಲಿನ 20 ಶೇಕಡಾ ಎಥೆನಾಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ, ಸಿಎನ್‌ಜಿಯಲ್ಲೇ ಓಡಿಸಿ ಪೆಟ್ರೋಲನ್ನು ಮುಟ್ಟದ ಗಾಡಿಯಲ್ಲಿ ಕಿಲುಬು ಬೇಗ ಕೂಡುತ್ತದೆ.

ಕಪ್ಪು ಪದರಕ್ಕೆ ಕಾಂಟ್ಯಾಕ್ಟ್ ಕ್ಲೀನರ್, ಮೆತ್ತನೆಯ ಬಟ್ಟೆ ಸಾಕು. ಪಾಲಿಶ್ ಪೇಪರ್ ಹಾಕಬೇಡಿ. ಪಟ್ಟಿಯ ರೆಸಿಸ್ಟರ್ ಲೇಪ ಬಹಳ ತೆಳು, ಎರಡು ಉಜ್ಜಿಗೆ ಪಟ್ಟಿಯೇ ಹೋಗುತ್ತದೆ. ಸವೆದ ಪಟ್ಟಿಗೆ ಮದ್ದಿಲ್ಲ. ಆದರೆ ಅನೇಕ ಗಾಡಿಗಳಿಗೆ ಪಂಪ್ ಬಿಟ್ಟು ಟ್ಯಾಂಕ್ ಯೂನಿಟ್ ಒಂದೇ ಬಿಡಿಯಾಗಿ ಸಿಗುತ್ತದೆ. ಚಾಸಿಸ್ ನಂಬರ್, ಹಳೆಯ ಯೂನಿಟ್ಟಿನ ಮೇಲಿನ ಪಾರ್ಟ್ ನಂಬರ್ ಎರಡನ್ನೂ ತೋರಿಸಿ ಕೇಳಿ. ‘ಇದೂ ಅದೇ ಸೈಜ್ ಅದರಿ’ ಎಂದು ಕೊಟ್ಟ ಬೇರೆ ಮಾಡೆಲಿನದನ್ನು ಒಪ್ಪಬೇಡಿ. ಕೂಡುತ್ತದೆ, ಓಮ್ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ.

## ಹಂತ 9: ಕೂಡಿಸಿ, ತಾಳೆ ನೋಡುವುದು

ರಬ್ಬರ್ ರಿಂಗ್ ಹೊಸದೇ ಹಾಕಿ. ಹಳೆಯದು ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ತನ್ನ ಸಂದಿಗೆ ಹೊಂದಿ ಕೂಡದು. ಮಾರ್ಕರಿನ ಗೆರೆ ಗೆರೆಗೆ ಕೂಡುವಂತೆ ಯೂನಿಟ್ ಇಳಿಸಿ. ಯೂನಿಟ್ ತಿರುಗಿ ಕೂತರೆ ಫ್ಲೋಟ್ ಟಾಕಿಯ ಗೋಡೆಗೆ ತಾಗಿ ನಿಲ್ಲುತ್ತದೆ. ಬ್ಯಾಟರಿ ಕೂಡಿಸುವ ಮೊದಲು ಆವಿ ಪೂರ್ತಿ ಹೋಗಲು ನಾಲ್ಕೂ ಬಾಗಿಲು ತೆಗೆದು ಅರ್ಧ ಗಂಟೆ ಬಿಡಿ.

ಪಂಪಿನ ಫ್ಯೂಸ್ ಮತ್ತೆ ಕೂಡಿಸಿ, ಚಾವಿಯನ್ನು ಮೂರ್ನಾಲ್ಕು ಸಲ ಆನ್, ಆಫ್ ಮಾಡಿ ಪೈಪಿನಲ್ಲಿ ಒತ್ತಡ ತುಂಬಿಸಿ, ಜೋಡಿನ ಸುತ್ತ ಒದ್ದೆ ಇದೆಯೇ ಎಂದು ಕಾಗದ ಒತ್ತಿ ನೋಡಿ. ಆಮೇಲೆ ಇಂಜಿನ್ ಚಾಲೂ ಮಾಡಿ.

ತಾಳೆಗೆ ಪೆಟ್ರೋಲ್ ಬಂಕಿಗೆ ಹೋಗಿ 5 ಲೀಟರಿನಂತೆ ಹಾಕಿಸಿ. ಪ್ರತಿ ಸಲ ಚಾವಿ ಆಫ್ ಮಾಡಿ ಹಾಕಿಸಿ, ಆನ್ ಮಾಡಿ ಮುಳ್ಳು ಎಲ್ಲಿಗೆ ಬಂತು ಎಂದು ಬರೆಯಿರಿ. ಸ್ವಿಫ್ಟಿನ ಟಾಕಿ 37 ಲೀಟರ್, ಆಲ್ಟೊ 800ರದ್ದು 35. ತಳದಲ್ಲಿ ಉಳಿದದ್ದನ್ನೂ ಲೆಕ್ಕಕ್ಕೆ ಹಿಡಿದರೆ ಅರ್ಧದ ಗೆರೆ ಸುಮಾರು 17–18 ಲೀಟರಿಗೆ ಬರಬೇಕು. ಒಂದೆರಡು ಲೀಟರ್ ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ, ಟಾಕಿಯ ಆಕಾರ ಮೇಲಿನಿಂದ ಕೆಳಗೆ ಒಂದೇ ಅಗಲ ಇರುವುದಿಲ್ಲ.

ತಾಳೆ ಮುಗಿಯುವವರೆಗೆ ಮುಳ್ಳನ್ನು ನಂಬಿ ದೂರ ಹೋಗಬೇಡಿ. ಹುಮನಾಬಾದ್ ಮೇಲಿಂದ ಬೀದರ್‌ಗೆ ಹೊರಡಲೇಬೇಕಾದರೆ ಟಾಕಿ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಲೀಟರಿಗೆ 15 ಕಿಲೋಮೀಟರ್ ಎಂದು ಹಿಡಿದು, 250 ಕಿಲೋಮೀಟರ್ ಆಗುವಷ್ಟರಲ್ಲಿ ತುಂಬಿಸಿಕೊಳ್ಳಿ. ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ. ಪದೇ ಪದೇ ತಳ ಕಂಡರೆ ಮುಳ್ಳಿನ ದೋಷ ಪಂಪಿಗೂ ಅಂಟುತ್ತದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಒಳಗೆ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ರಬ್ಬರ್ ರಿಂಗ್ ಮಡಚಿ ಕೂತಿದೆ. ಚಾವಿ ಹಾಕದೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಲಾಕ್ ರಿಂಗ್ ತೆಗೆದು ಮತ್ತೆ ಕೂಡಿಸಿ.